ಒಲೆಯ ಮೇಲಿನ ಹಾಲು ಮತ್ತು ಹನ್ನೆರಡು ನಿಮಿಷ

ಕಥೆಯ ಮೊದಲ ಪುಟವನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ದೆ. ಕೊನೆಯ ಪುಟ ಮರುದಿನ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಆಮೇಲೆ ಮೂರು ತಿಂಗಳು ಒಂದು ಸಾಲೂ ಮುಂದಕ್ಕೆ ಹೋಗಲಿಲ್ಲ.

ದೀಪಾವಳಿ ವಿಶೇಷಾಂಕವೊಂದಕ್ಕೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದ ವೈಜ್ಞಾನಿಕ ಕಥೆ ಅದು. ನಾನೀಗ ಇರುವ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಒಬ್ಬಾಕೆ ಭೂಕಂಪವನ್ನು ಹನ್ನೆರಡು ನಿಮಿಷ ಮುಂಚೆಯೇ ತಿಳಿಸುವ ಯಂತ್ರ ಕಂಡುಹಿಡಿಯುತ್ತಾಳೆ. ಇದು ಶುರು. ಕೊನೆಯಲ್ಲಿ ಊರಿನವರೇ ಸೇರಿ ಆ ಯಂತ್ರವನ್ನು ಏವನ್ ನದಿಗೆ ಎಸೆಯುತ್ತಾರೆ. ಯಾಕೆ ಎಸೆದರು? ಆ ‘ಯಾಕೆ’ ಇರಬೇಕಾದ ಜಾಗದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಬರೀ ಬಾಣದ ಗುರುತುಗಳಿದ್ದವು.

ತೀರ್ಥಹಳ್ಳಿಯಲ್ಲಿರುವ ಅಕ್ಕನಿಗೆ ಭಾನುವಾರ ಫೋನ್ ಮಾಡಿದಾಗ ಕಥೆ ಹೇಳಿದೆ. ಚಳಿಗಾಲದಲ್ಲಿ ನಾವು ಅವರಿಗಿಂತ ಆರೂವರೆ ಗಂಟೆ ಮುಂದೆ. ನನ್ನ ಮಧ್ಯಾಹ್ನದ ಊಟ ಮುಗಿಯುವಾಗ ಅಲ್ಲಿ ಹಾಲು ಕಾಯಿಸುವ ಹೊತ್ತು. ಪೂರ್ತಿ ಕೇಳಿಸಿಕೊಂಡು ಆಕೆ, “ಅಲ್ಲ ಕಣೋ, ಹನ್ನೆರಡು ನಿಮಿಷ ಇದೆ ಅಂದ್ರೆ ಒಲೆ ಮೇಲಿನ ಹಾಲು ಏನ್ ಮಾಡ್ತಾರೆ? ಇಳಿಸಿ ಓಡ್ತಾರೋ, ಒಂದು ಉಕ್ಕು ಬರ್ಲಿ ಅಂತ ಕಾಯ್ತಾರೋ?” ಎಂದಳು.

“ಅದೆಲ್ಲ ಕಥೆಗೆ ಬೇಕಾಗಲ್ಲ ಅಕ್ಕ.”

“ಮತ್ತೇನು ಬೇಕಾಗತ್ತೆ?”

ಉತ್ತರ ನನ್ನ ಬಳಿ ಇರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಇಡೀ ರಾತ್ರಿಯ ಯಕ್ಷಗಾನ ನೋಡಿ ಬೆಳೆದವರಿಗೆ ನಡುವಿನ ಕಷ್ಟ ಗೊತ್ತು. ಒಡ್ಡೋಲಗಕ್ಕೆ ಜನ ಕಣ್ಣರಳಿಸಿ ಕೂತಿರುತ್ತಾರೆ. ಬೆಳಗಿನ ಜಾವದ ಯುದ್ಧಕ್ಕೆ ಮಲಗಿದವರೂ ಎದ್ದು ಕೂರುತ್ತಾರೆ. ಮಧ್ಯರಾತ್ರಿ ದಾಟಿದ ಮೇಲೆ, ಚಾಪೆಯ ಮೇಲೆ ಮಕ್ಕಳು ಉರುಳಿ, ದೊಡ್ಡವರ ತಲೆ ತೂಗುವ ಹೊತ್ತಿನಲ್ಲಿ ಆಟವನ್ನು ಎತ್ತಿ ಹಿಡಿಯುವವನೇ ನಿಜವಾದ ಭಾಗವತ. ವೈಜ್ಞಾನಿಕ ಕಥೆ ಬರೆಯುವವರಿಗೆ ಈ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಶುರುವಿನಲ್ಲಿ ಒಂದು ಅಚ್ಚರಿ ಇರುತ್ತದೆ: ಯಂತ್ರ ಮಾತಾಡಿತು, ಆಕಾಶದಿಂದ ಯಾರೋ ಇಳಿದರು. ಆ ಅಚ್ಚರಿ ಮೂರನೇ ಪುಟಕ್ಕೆ ಹಳತಾಗುತ್ತದೆ. ಆಮೇಲೆ ಏನು?

ಈ ‘ಆಮೇಲೆ’ಗೆ ನಾನಿರುವ ಊರಿಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ೨೦೧೦ರ ಸೆಪ್ಟೆಂಬರ್ ೪ರ ನಸುಕಿನ ೪.೩೫ಕ್ಕೆ ೭.೧ರ ಕಂಪನ. ಮನೆಗಳು ಬಿರಿದವು, ಜೀವ ಉಳಿಯಿತು. ೨೦೧೧ರ ಫೆಬ್ರುವರಿ ೨೨, ಮಂಗಳವಾರ ಮಧ್ಯಾಹ್ನ ೧೨.೫೧ಕ್ಕೆ ಇನ್ನೊಂದು. ೧೮೫ ಜನ ಸತ್ತರು. ಪೇಪರಿನ ಮುಖಪುಟಕ್ಕೆ ಬಂದದ್ದು ಇವೆರಡು ದಿನಗಳು. ನಾನು ಇಲ್ಲಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ಆದರೆ ನೆರೆಮನೆಯ ಅಜ್ಜಿ ಆ ಎರಡು ದಿನಗಳ ಬಗ್ಗೆ ಹೇಳುವುದು ಕಡಿಮೆ. ಆಕೆ ಹೇಳುವುದೆಲ್ಲ ಅದರ ನಂತರದ ತಿಂಗಳುಗಳ ಕಥೆ. ಅಂಗಳದಲ್ಲಿ ಉಕ್ಕಿದ ಬೂದು ಕೆಸರನ್ನು ಸಲಿಕೆಯಲ್ಲಿ ಎತ್ತಿ ಹಾಕಿದ್ದು, ಬೀದಿ ಬದಿಯ ಪ್ಲಾಸ್ಟಿಕ್ ಶೌಚಾಲಯಕ್ಕೆ ಛತ್ರಿ ಹಿಡಿದು ಹೋದದ್ದು, ವಿಮೆಯವರಿಗೆ ಬರೆದ ಪತ್ರಗಳಿಗೆ ಒಂದು ಫೈಲು ಸಾಲದೆ ಎರಡನೆಯದು ತಂದದ್ದು. ಸಾವಿರಾರು ಮರುಕಂಪನಗಳು ಬಂದವು. ಚಹಾ ಕುಡಿಯುತ್ತಿದ್ದಾಗ ಲೋಟ ಗಿಣಿಗಿಣಿ ಎಂದರೆ ಎಲ್ಲರೂ ಒಂದು ಕ್ಷಣ ಸುಮ್ಮನಾಗಿ, “ನಾಲ್ಕು ಪಾಯಿಂಟ್ ಎರಡು?” “ಇಲ್ಲ, ಮೂರೂ ಮುಕ್ಕಾಲು” ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಅಜ್ಜಿಯ ಊಹೆ ಹೆಚ್ಚಾಗಿ ಸರಿಯಾಗುತ್ತಿತ್ತು ಎಂಬುದು ಅಜ್ಜಿಯದೇ ಹೇಳಿಕೆ.

ಏವನ್ ನದಿಯ ಉದ್ದಕ್ಕೂ ಇರುವ ‘ರೆಡ್ ಝೋನ್’ಗೆ ಒಮ್ಮೆ ಹೋಗಿ ನೋಡಬೇಕು. ಈ ನೆಲದಲ್ಲಿ ಇನ್ನು ಮನೆ ನಿಲ್ಲದು ಎಂದು ತೀರ್ಮಾನಿಸಿದ ಸರ್ಕಾರ ನಗರ ಮತ್ತು ಸುತ್ತಮುತ್ತ ಸುಮಾರು ೮,೦೦೦ ಮನೆ ನಿವೇಶನಗಳನ್ನು ಖಾಲಿ ಮಾಡಿಸಿತು. ಮನೆಗಳು ಹೋದವು, ಹಿತ್ತಿಲಿನ ಸೇಬು, ಪ್ಲಮ್, ನಿಂಬೆ ಮರಗಳು ಉಳಿದವು. ಬೇಲಿಯಿಲ್ಲ, ಗೋಡೆಯಿಲ್ಲ, ಆದರೆ ಮರಗಳ ಸಾಲು ನೋಡಿದರೆ ಇಲ್ಲಿ ಅಡುಗೆಮನೆ ಇತ್ತು, ಇಲ್ಲಿ ಬಟ್ಟೆ ಒಣಗುತ್ತಿತ್ತು ಎಂದು ಹೇಳಬಹುದು. ಯಾವ ವೈಜ್ಞಾನಿಕ ಕಾದಂಬರಿಗೂ ಕಡಿಮೆಯಿಲ್ಲದ ನೋಟ. ಇದಕ್ಕೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಇದು ಬರೀ ನಡು.

ಈ ಊರಿನಲ್ಲೇ ನೂರರವತ್ತು ವರ್ಷಗಳ ಹಿಂದೆ ಒಬ್ಬಾತ ವೈಜ್ಞಾನಿಕ ಕಥೆಯ ನಡುಭಾಗವನ್ನು ಮೊದಲು ಬರೆದು, ಶುರು ಮತ್ತು ಕೊನೆಯನ್ನು ಆಮೇಲೆ ಅಂಟಿಸಿದ. ಹೆಸರು ಸ್ಯಾಮ್ಯುಯೆಲ್ ಬಟ್ಲರ್. ಇಂಗ್ಲೆಂಡಿನ ಪಾದ್ರಿಯ ಮಗ, ಬಿಷಪ್ಪನ ಮೊಮ್ಮಗ. ತಾನೂ ಪಾದ್ರಿಯಾಗಬೇಕೆಂಬ ಅಪ್ಪನ ಹಟಕ್ಕೆ ಒಲ್ಲೆನೆಂದು ೧೮೫೯ರಲ್ಲಿ ಹಡಗು ಹತ್ತಿದ. ೧೮೬೦ರ ಜನವರಿಯಲ್ಲಿ ಕ್ರೈಸ್ಟ್‌ಚರ್ಚ್‌ನ ಬಂದರಾದ ಲಿಟಲ್‌ಟನ್‌ನಲ್ಲಿ ಇಳಿದು, ಕುರಿ ಸಾಕಲು ಜಾಗ ಹುಡುಕುತ್ತ ರಾಂಗಿಟಾಟಾ ನದಿಯ ಮೇಲುಕಣಿವೆಗೆ ಹೋದ. ಅಲ್ಲಿ ಕಟ್ಟಿದ ಕುರಿ ಕೇಂದ್ರಕ್ಕೆ ಇಟ್ಟ ಹೆಸರು ಮೆಸೊಪೊಟೇಮಿಯಾ. ಗ್ರೀಕ್ ಪದದ ಅರ್ಥ, ನದಿಗಳ ನಡುವಿನ ನೆಲ.

ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ ನಾನೂ ಆ ಕಡೆ ಹೋಗಿದ್ದೆ. ಜೆರಾಲ್ಡಿನ್ ದಾಟಿ, ಪೀಲ್ ಫಾರೆಸ್ಟ್ ದಾಟಿದ ಮೇಲೆ ರಸ್ತೆ ಜಲ್ಲಿಯಾಗುತ್ತದೆ. ನದಿ ಒಂದೇ ಧಾರೆಯಾಗಿ ಹರಿಯುವುದಿಲ್ಲ. ಬಿಳಿ ಕಲ್ಲಿನ ಅಗಲ ಹಾಸಿನ ಮೇಲೆ ಬಿಚ್ಚಿದ ಜಡೆಯಂತೆ ಹತ್ತಾರು ಎಳೆಯಾಗಿ ಹಬ್ಬಿ, ಮತ್ತೆ ಕೂಡಿ, ಮತ್ತೆ ಒಡೆಯುತ್ತದೆ. ಆಚೆ ದಡದಲ್ಲಿ ಮೌಂಟ್ ಸಂಡೇ ಎಂಬ ಒಂಟಿ ಗುಡ್ಡ. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಎಡೊರಾಸ್ ಪಟ್ಟಣವನ್ನು ಕಟ್ಟಿದ್ದು ಅದರ ಮೇಲೆ. ಪ್ರವಾಸಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ. ಬಟ್ಲರನ ದಡಕ್ಕೆ ಬರುವವರು ಕುರಿಯವರು ಮತ್ತು ನನ್ನಂಥ ಕೆಲಸವಿಲ್ಲದವರು.

ಈ ನಿರ್ಜನ ಕಣಿವೆಗೆ ಆತ ಎತ್ತಿನ ಗಾಡಿಯಲ್ಲಿ ಪಿಯಾನೊ ತರಿಸಿಕೊಂಡಿದ್ದ. ಪುಸ್ತಕಗಳೂ ಬಂದವು. ಅವುಗಳಲ್ಲಿ ಒಂದು ಡಾರ್ವಿನ್ನನ ‘ಆರಿಜಿನ್ ಆಫ್ ಸ್ಪೀಶೀಸ್’. ಬಟ್ಲರ್ ಹಡಗು ಹತ್ತಿದ ಮೇಲೆ ಲಂಡನ್ನಿನಲ್ಲಿ ಬಿಡುಗಡೆಯಾದ ಪುಸ್ತಕ ಅದು. ಓದಿ ತಲೆ ಬಿಸಿಯಾದ ಆತ ೧೮೬೧ರಲ್ಲಷ್ಟೇ ಶುರುವಾಗಿದ್ದ ಕ್ರೈಸ್ಟ್‌ಚರ್ಚ್‌ನ ‘ದಿ ಪ್ರೆಸ್’ ಪತ್ರಿಕೆಗೆ ಬರೆಯತೊಡಗಿದ. ಮೊದಲು ೧೮೬೨ರ ಡಿಸೆಂಬರಿನಲ್ಲಿ ಡಾರ್ವಿನ್ ವಾದದ ಬಗ್ಗೆ ಒಂದು ಸಂವಾದ. ಅದು ಹೇಗೋ ಸ್ವತಃ ಡಾರ್ವಿನ್ನನ ಕೈ ಸೇರಿ, ಆತನ ಮೆಚ್ಚುಗೆಯನ್ನೂ ಪಡೆಯಿತು. ಆಮೇಲೆ, ೧೮೬೩ರ ಜೂನ್ ೧೩ರ ಶನಿವಾರ, ‘ಯಂತ್ರಗಳ ನಡುವೆ ಡಾರ್ವಿನ್’ ಎಂಬ ಅರ್ಥದ ತಲೆಬರಹದಲ್ಲಿ ಒಂದು ಪತ್ರ. ಕೆಳಗೆ ಸಹಿ: ಸೆಲ್ಲಾರಿಯಸ್.

ಪತ್ರದ ವಾದ ಇಷ್ಟು. ಪ್ರಾಣಿಗಳು ವಿಕಾಸವಾದಂತೆ ಯಂತ್ರಗಳೂ ಆಗುತ್ತಿವೆ, ಅದೂ ಹೆಚ್ಚು ವೇಗವಾಗಿ. ದೊಡ್ಡ ಗಡಿಯಾರ ಕುಗ್ಗಿ ಜೇಬುಗಡಿಯಾರ ಆಗುವ ರೀತಿಯಲ್ಲೇ ಒಂದು ವಂಶಾವಳಿ ಇದೆ. ನಾವು ಅವುಗಳಿಗೆ ಉಣಿಸುತ್ತೇವೆ, ಕೆಟ್ಟರೆ ಚಿಕಿತ್ಸೆ ಮಾಡುತ್ತೇವೆ, ಮರಿ ಹಾಕಿಸುವವರೂ ನಾವೇ. ಭೂಮಿಯ ಮೇಲೆ ನಮ್ಮ ನಂತರದ ಒಡೆಯರನ್ನು ನಾವೇ ಸಾಕುತ್ತಿದ್ದೇವೆ. ಆದ್ದರಿಂದ ಇವತ್ತೇ ಯುದ್ಧ ಸಾರಿ ಎಲ್ಲ ಯಂತ್ರಗಳನ್ನೂ ನಾಶ ಮಾಡಬೇಕು! ಕಂಪ್ಯೂಟರ್ ಇರಲಿ, ವಿದ್ಯುದ್ದೀಪವೂ ಮನೆಗೆ ಬರದ ಕಾಲ. ಕುರಿ ಕಾಯುವ ಗುಡಿಸಲಿನಲ್ಲಿ ಕೂತು ಬರೆದದ್ದು.

ಆಮೇಲೆ ಆತ ಮಾಡಿದ್ದು ನನ್ನಂಥ ಕಥೆಗಾರನಿಗೆ ಮುಖ್ಯ. ೧೮೬೪ರಲ್ಲಿ ಕುರಿ ಮಾರಿ, ತಂದ ಹಣವನ್ನು ದುಪ್ಪಟ್ಟು ಮಾಡಿಕೊಂಡು ಇಂಗ್ಲೆಂಡಿಗೆ ವಾಪಸಾದ. ಮರುವರ್ಷದ ಜುಲೈಯಲ್ಲಿ ಅದೇ ‘ಪ್ರೆಸ್’ ಪತ್ರಿಕೆಯಲ್ಲಿ ಆತ ಕಳಿಸಿದ ಇನ್ನೊಂದು ಲೇಖನ ಬಂತು. ಅದರಲ್ಲಿ ತನ್ನನ್ನೇ ತಿರುಗಿಸಿ ಹೊಡೆದಿದ್ದಾನೆ: ಯಂತ್ರ ಎಂದರೆ ಶತ್ರುವಲ್ಲ, ಮೈಯ ಹೊರಗೆ ಬೆಳೆದ ಕೈಕಾಲು, ಛತ್ರಿ ಹಿಡಿದವನಿಗೆ ಒಂದು ಅಂಗ ಹೆಚ್ಚು, ಅಷ್ಟೇ. ಒಂದೇ ತಲೆ, ಎರಡು ವರ್ಷಗಳ ಅಂತರದಲ್ಲಿ ಎರಡು ವಿರುದ್ಧ ವಾದ. ಇವೆರಡನ್ನೂ ಎದುರುಬದುರು ಕೂರಿಸಿದಾಗ ಆತನಿಗೆ ಕಾದಂಬರಿಯ ತಿರುಳು ಸಿಕ್ಕಿತು. ೧೮೭೨ರಲ್ಲಿ, ಲೇಖಕನ ಹೆಸರಿಲ್ಲದೆ, ‘ಎರೆವ್ಹಾನ್’ ಪ್ರಕಟವಾಯಿತು. ಅದಕ್ಕೂ ಮೊದಲು ಒಬ್ಬ ಪ್ರಕಾಶಕರು ಕಾದಂಬರಿಕಾರ ಜಾರ್ಜ್ ಮೆರಿಡಿತ್‌ನ ಸಲಹೆಯ ಮೇರೆಗೆ ಹಸ್ತಪ್ರತಿಯನ್ನು ಹಿಂತಿರುಗಿಸಿದ್ದರು. ‘ಎಲ್ಲೂ ಇಲ್ಲ’ ಎಂಬ ಅರ್ಥದ ‘ನೋವೇರ್’ ಪದದ ಅಕ್ಷರಗಳನ್ನು ಹೆಚ್ಚುಕಡಿಮೆ ಹಿಂದುಮುಂದಾಗಿ ಬರೆದರೆ ಬರುವ ಹೆಸರು ಅದು. ಕುರಿ ಕಾಯುವವನೊಬ್ಬ ಬೆಟ್ಟ ದಾಟಿ ಅಪರಿಚಿತ ನಾಡಿಗೆ ಹೋಗುವುದು ಶುರು. ಬಲೂನಿನಲ್ಲಿ ಪ್ರೇಯಸಿಯೊಂದಿಗೆ ಪರಾರಿಯಾಗುವುದು ಕೊನೆ. ಆದರೆ ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಬರೆದದ್ದು ಆ ೧೮೬೩ರ ಪತ್ರ ಎಂದು ಬಟ್ಲರನೇ ೧೯೦೧ರ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅದೀಗ ಒಳಭಾಗದಲ್ಲಿ ‘ಯಂತ್ರಗಳ ಗ್ರಂಥ’ ಎಂಬ ಮೂರು ಅಧ್ಯಾಯಗಳಾಗಿ ಕೂತಿದೆ.

ಬೆಟ್ಟ ದಾಟುವ ಭಾಗಕ್ಕೆ ಬೇಕಾದ ಸರಕೂ ಕೈಯಲ್ಲೇ ಇತ್ತು. ೧೮೬೧ರಲ್ಲಿ ಸ್ನೇಹಿತನೊಬ್ಬನ ಜೊತೆ ಬಟ್ಲರ್ ರಕಾಯಾ ನದಿಯ ತಲೆಯವರೆಗೆ ಹೋಗಿ ಪಶ್ಚಿಮಕ್ಕೆ ದಾಟುವ ಕಣಿವೆ ದಾರಿಯೊಂದನ್ನು ಕಂಡಿದ್ದ. ಎರಡು ವರ್ಷದ ಮೇಲೆ ಅದನ್ನು ದಾಟಿಹೋದ ವಿಟ್‌ಕೋಂಬ್ ಎಂಬ ಸರ್ವೇ ಅಧಿಕಾರಿ ಆಚೆ ನದಿಯೊಂದರಲ್ಲಿ ಮುಳುಗಿ ಸತ್ತ. ದಾರಿಗೆ ಅವನ ಹೆಸರೇ ಉಳಿಯಿತು. ಬಟ್ಲರ್ ಆ ದಾರಿಯ ಆಚೆ ಒಂದು ದೇಶವನ್ನೇ ಇಟ್ಟ.

ಆ ದೇಶದಲ್ಲಿ ಆತ ಏನು ಮಾಡಿದ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಕೊಂಡೆ. ನಾಯಕನ ಜೇಬಿನಲ್ಲಿ ಗಡಿಯಾರ ಸಿಕ್ಕಿದ್ದಕ್ಕೆ ಅಧಿಕಾರಿಗಳು ಕಿರಿಕಿರಿಗೊಳ್ಳುತ್ತಾರೆ. ಅವನನ್ನು ಮುರಿದ ಯಂತ್ರಗಳನ್ನಿಟ್ಟ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತಾರೆ. ಆ ದೇಶದಲ್ಲಿ ಕಾಯಿಲೆ ಬಿದ್ದವನು ಅಪರಾಧಿ, ಕೋರ್ಟಿಗೆ ಹೋಗಬೇಕು. ವಂಚನೆ ಮಾಡಿದವನು ರೋಗಿ, ನೆಂಟರಿಷ್ಟರು ಬಂದು ಕ್ಷೇಮ ವಿಚಾರಿಸುತ್ತಾರೆ. ನಾಯಕನಿಗೆ ಮನೆಯಲ್ಲಿ ಜಾಗ ಕೊಟ್ಟ ನೊಸ್ನಿಬೊರ್ ಮಹಾಶಯ (ರಾಬಿನ್ಸನ್ ಎಂಬುದನ್ನು ಹಿಂದಿನಿಂದ ಓದಿ) ವಿಧವೆಯೊಬ್ಬಳ ಹಣ ನುಂಗಿ ಈಗ ‘ಗುಣವಾಗುತ್ತಿದ್ದಾನೆ’. ಮತ್ತೆ ಒಂದು ಸಣ್ಣ ವಿವರ, ನಾನು ಮೂರು ಸಲ ಓದಿದ್ದು. ಯಂತ್ರಗಳನ್ನೆಲ್ಲ ನಾಶ ಮಾಡಬೇಕೆಂದು ದೇಶ ತೀರ್ಮಾನಿಸಿತಲ್ಲ, ಎಷ್ಟು ಹಳೆಯ ಯಂತ್ರಗಳನ್ನು ಬಿಡಬೇಕು? ಕಳೆದ ೨೭೧ ವರ್ಷಗಳಲ್ಲಿ ಬಂದದ್ದೆಲ್ಲ ಹೋಗಲಿ ಎಂದು ರಾಜಿಯಾಗುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ? ಅಗಸಗಿತ್ತಿಯರು ಬಟ್ಟೆ ಹಿಂಡಲು ಬಳಸುತ್ತಿದ್ದ ಒಂದು ಬಗೆಯ ಯಂತ್ರದ ಬಗ್ಗೆ ಜಗಳ ಎದ್ದದ್ದರಿಂದ!

ಇಡೀ ನಾಗರಿಕತೆಯ ಮಹಾ ತೀರ್ಮಾನ ಬಟ್ಟೆ ಹಿಂಡುವ ಯಂತ್ರಕ್ಕೆ ಬಂದು ತಗಲುತ್ತದೆ. ಅಕ್ಕ ಕೇಳಿದ್ದು ಇದನ್ನೇ ಅಲ್ಲವೇ? ಕಥೆಯ ಶುರುವಿನಲ್ಲಿ ಲೇಖಕ ಒಂದು ಅಸಾಧ್ಯವನ್ನು ಒಪ್ಪಿಸುತ್ತಾನೆ. ನಡುವಿನಲ್ಲಿ ಆ ಅಸಾಧ್ಯ ಬಾಡಿಗೆ ಕಟ್ಟಬೇಕು, ಪಾತ್ರೆ ತೊಳೆಯಬೇಕು, ಕೋರ್ಟು ಮೆಟ್ಟಿಲು ಹತ್ತಬೇಕು. ಅದರಿಂದ ಯಾರಿಗೆ ಲಾಭ, ಯಾರ ಕೆಲಸ ಹೋಯಿತು, ಯಾರು ಅದನ್ನು ಕದ್ದು ಬಳಸುತ್ತಾರೆ ಎಂದು ಕೇಳಿಕೊಂಡರೆ ನಡುವಿನ ದೃಶ್ಯಗಳು ತಾವಾಗಿ ಬರುತ್ತವೆ. ನಾನು ನಡುಭಾಗವನ್ನು ಶುರುವಿನಿಂದ ಕೊನೆಗೆ ಹೋಗುವ ಸೇತುವೆ ಎಂದುಕೊಂಡಿದ್ದೆ. ಸೇತುವೆಯ ಮೇಲೆ ಯಾರೂ ಮನೆ ಮಾಡುವುದಿಲ್ಲ. ನನ್ನ ಕಥೆಯಲ್ಲೂ ಯಾರೂ ಇರಲಿಲ್ಲ.

ಹಾಗೆಂದು ಬಟ್ಲರನನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ‘ಯಂತ್ರಗಳ ಗ್ರಂಥ’ ಬಂದಾಗ ಕಥೆ ನಿಂತೇ ಬಿಡುತ್ತದೆ. ನಾಯಕ ಒಂದು ಪುಸ್ತಕ ಓದುತ್ತಾನೆ, ನಾವು ಅವನ ಭುಜದ ಮೇಲಿಂದ ಮೂರು ಅಧ್ಯಾಯ ಓದಬೇಕು. ವಾದ ಹರಿತವಾಗಿದೆ, ಅಲನ್ ಟ್ಯೂರಿಂಗ್ ೧೯೫೧ರಲ್ಲಿ ಯಂತ್ರಬುದ್ಧಿಯ ಬಗ್ಗೆ ಮಾತಾಡುವಾಗ ಎರೆವ್ಹಾನ್ ಹೆಸರೆತ್ತಿದ್ದು ಸುಮ್ಮನೆ ಅಲ್ಲ. ಆದರೆ ಆ ಹೊತ್ತಿನಲ್ಲಿ ಪ್ರೇಯಸಿ ಅರೋಹೆನಾ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ? ಲೇಖಕನಿಗೇ ನೆನಪಿಲ್ಲ. ಬಲೂನು ಹಾರಿಸುವಾಗ ಮತ್ತೆ ಕರೆಯುತ್ತಾನೆ, ಪಾಪ, ಬರುತ್ತಾಳೆ.

ಈ ದೃಷ್ಟಿಯಲ್ಲಿ ನಮ್ಮ ‘ಕರ್ವಾಲೊ’ ದೊಡ್ಡ ಕೃತಿ. ೧೯೮೦ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿಯನ್ನು ವೈಜ್ಞಾನಿಕ ಕಥೆ ಎನ್ನಬಹುದೇ ಎಂದು ಜಗಳವಾಡುವವರು ಆಡಲಿ. ಎಂದೋ ಅಳಿದುಹೋಗಿರಬೇಕಿದ್ದ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಯ ಕಥೆಯ ನಡುಭಾಗದಲ್ಲಿ ಏನಿದೆ? ಜೇನುಪೆಟ್ಟಿಗೆ. ಹಳ್ಳಿಯ ಹುಡುಗ ಮಂದಣ್ಣನ ಮದುವೆಯ ರಾಮಾಯಣ. ಪೊಲೀಸು, ಕೋರ್ಟು. ಬಿರಿಯಾನಿ ಕರಿಯಪ್ಪ. ಓತಿಯ ಸುದ್ದಿ ಆಗಾಗ ಬಂದು ಮರೆಯಾಗುತ್ತದೆ. ಮೊದಲ ಸಲ ಓದಿದಾಗ, ಹದಿನಾರರ ವಯಸ್ಸಿನಲ್ಲಿ, ಓತಿ ಯಾವಾಗ ಬರುತ್ತದೆ ಎಂದು ಪುಟ ಹಾರಿಸಿದ್ದೆ. ಈಗ ಗೊತ್ತಾಗುತ್ತದೆ, ಆ ಮದುವೆ, ಆ ಕೋರ್ಟು ಇಲ್ಲದಿದ್ದರೆ ಕಾಡಿನೊಳಗೆ ಮಂದಣ್ಣನ ಕಣ್ಣನ್ನು ನಾವು ನಂಬುತ್ತಿರಲಿಲ್ಲ. ಬಟ್ಲರನಿಗೆ ವಾದ ಇತ್ತು, ಮಂದಣ್ಣ ಇರಲಿಲ್ಲ.

ನಡುವೇ ಕೊನೆಯನ್ನು ತೀರ್ಮಾನಿಸುವುದೂ ಉಂಟು. ಕ್ರೈಸ್ಟ್‌ಚರ್ಚ್ ನಗರದ ನಡುವೆ, ಏವನ್ ದಡದಲ್ಲಿ, ಬಿಳಿ ಅಮೃತಶಿಲೆಯ ಒಂದು ಪ್ರತಿಮೆ ಇದೆ. ದಕ್ಷಿಣ ಧ್ರುವದಿಂದ ಮರಳುವಾಗ ಸತ್ತ ಕ್ಯಾಪ್ಟನ್ ಸ್ಕಾಟ್. ಕೆತ್ತಿದ್ದು ಅವನ ಹೆಂಡತಿ ಕ್ಯಾಥ್ಲೀನ್, ನಿಲ್ಲಿಸಿದ್ದು ೧೯೧೭ರಲ್ಲಿ. ೨೦೧೧ರ ಕಂಪನಕ್ಕೆ ಮುರಿದು ಬಿದ್ದಿದ್ದನ್ನು ೨೦೧೭ರಲ್ಲಿ ಮತ್ತೆ ನಿಲ್ಲಿಸಿದರು. ಸ್ಕಾಟ್‌ನ ಹಡಗು ಟೆರಾ ನೋವಾ ೧೯೧೦ರ ನವೆಂಬರಿನಲ್ಲಿ ಲಿಟಲ್‌ಟನ್‌ನಿಂದಲೇ ಹೊರಟದ್ದು. ಅವನ ಕಥೆಯ ಕೊನೆ ಎಲ್ಲರಿಗೂ ಗೊತ್ತು: ೧೯೧೨ರ ಮಾರ್ಚಿನಲ್ಲಿ, ಆಹಾರ ಮತ್ತು ಇಂಧನದ ದೊಡ್ಡ ದಾಸ್ತಾನಿಗೆ ಇನ್ನು ೧೧ ಮೈಲಿ ಇದೆ ಎನ್ನುವಾಗ ಗುಡಾರದಲ್ಲೇ ಸಾವು. ಆದರೆ ಆ ದಾಸ್ತಾನು ಅಲ್ಲಿ ಯಾಕಿತ್ತು? ಒಂದು ವರ್ಷ ಮೊದಲು, ಅದನ್ನು ಇಡಲು ಹೋದಾಗ, ಕುದುರೆಗಳು ಸೋತು ಬಿದ್ದವು. ಕೊಂದು ಮುಂದೆ ಹೋಗೋಣ ಎಂದ ತಂಡದಲ್ಲಿದ್ದ ಓಟ್ಸ್. ಸ್ಕಾಟ್ ಮನಸ್ಸು ಬಾರದೆ, ಅಂದುಕೊಂಡಿದ್ದ ಜಾಗಕ್ಕಿಂತ ೩೦ ಮೈಲಿಗೂ ಹೆಚ್ಚು ಮೊದಲೇ ಇಳಿಸಿ ಹಿಂತಿರುಗಿದ. ಕುದುರೆಯ ಮೇಲಿನ ಕನಿಕರ, ನಡುವಿನ ಒಂದು ಸಾಧಾರಣ ದಿನ, ದಿನಚರಿಯ ಕೆಲವು ಸಾಲು.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರು ಸ್ಕಾಟ್, ಶ್ಯಾಕಲ್ಟನ್‌ರ ಧ್ರುವಪ್ರಯಾಣಗಳನ್ನು ಬಿಡದೆ ಓದಿದ್ದವರು. ೧೯೬೯ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯಲ್ಲಿ ಬೇರೆ ಗ್ರಹದಲ್ಲಿ ಇಬ್ಬರು ಹಿಮದ ಹಾಸಿನ ಮೇಲೆ ಗಾಡಿ ಎಳೆಯುತ್ತ ಹೋಗುವುದನ್ನು ಬರೆದಾಗ ದಿನಕ್ಕೆ ಎಷ್ಟು ದೂರ, ಎಷ್ಟು ಆಹಾರ ಎಂಬ ಲೆಕ್ಕವನ್ನು ಬಿಟ್ಟುಕೊಡಲಿಲ್ಲ. ಅಂತರಿಕ್ಷ ನೌಕೆಯಿಂದ ಬಂದ ರಾಯಭಾರಿಯೂ ಅಲ್ಲಿ ರೇಷನ್ ಎಣಿಸುತ್ತಾನೆ.

ನಾನು ನನ್ನ ಕಥೆಗೆ ವಾಪಸಾದೆ. ಮೊದಲು ಬಾಣದ ಗುರುತುಗಳನ್ನು ಹೊಡೆದುಹಾಕಿದೆ. ಆಮೇಲೆ ಹನ್ನೆರಡು ನಿಮಿಷವನ್ನು ಬೀದಿಬೀದಿಗೆ ಹಂಚಿದೆ. ಮೊದಲ ಎಚ್ಚರಿಕೆಗೆ ಊರೆಲ್ಲ ಓಡಿ ಮೈದಾನಕ್ಕೆ ಬರುತ್ತದೆ. ಯಂತ್ರ ಕಟ್ಟಿದವಳನ್ನು ಹೆಗಲ ಮೇಲೆ ಹೊರುತ್ತಾರೆ. ನಾಲ್ಕನೆಯದಕ್ಕೆ ಬಂದದ್ದು ಲೋಟವೂ ಅಲುಗದಷ್ಟು ಸಣ್ಣ ಕಂಪನ. ಹೋಟೆಲಿನವನು ಬಿಲ್ಲು ಕೊಡದೆ ಓಡಿದವರ ಪಟ್ಟಿ ಗೋಡೆಗೆ ಅಂಟಿಸುತ್ತಾನೆ. ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ತೆರೆದಿಟ್ಟ ರೋಗಿಯ ಎದುರು ವೈದ್ಯೆ ಗಡಿಯಾರ ನೋಡುತ್ತಾಳೆ. ಎರಡನೇ ವರ್ಷ ವಿಮೆಯವರ ಕರಾರಿನಲ್ಲಿ ಹೊಸ ಸಾಲು: ಎಚ್ಚರಿಕೆ ಸಿಕ್ಕಿಯೂ ಸಾಗಿಸಬಹುದಾಗಿದ್ದ ವಸ್ತುಗಳಿಗೆ ಪರಿಹಾರವಿಲ್ಲ. “ಹನ್ನೆರಡು ನಿಮಿಷ ಇತ್ತಲ್ಲ, ಟಿ.ವಿ. ಯಾಕೆ ಹೊರಗೆ ತರಲಿಲ್ಲ?” ಈ ಸಾಲು ಬರೆದ ದಿನ ಜನ ಯಂತ್ರವನ್ನು ನದಿಗೆ ಎಸೆದದ್ದು ಯಾಕೆಂದು ತಿಳಿಯಿತು. ನೆರೆಮನೆಯ ಅಜ್ಜಿಗೆ ಓದಿ ಹೇಳಿದೆ. ನಗಲಿಲ್ಲ. “ಟಿ.ವಿ. ಅಲ್ಲ, ಫ್ರಿಜ್ಜು ಅಂತ ಬರೆ” ಎಂದರು.

ಇದು ತೀರಾ ಕಲ್ಪನೆಯೂ ಅಲ್ಲ. ೨೦೨೧ರಿಂದ ಈ ದೇಶದ ಆಂಡ್ರಾಯ್ಡ್ ಫೋನುಗಳಿಗೆ ಕಂಪನದ ಎಚ್ಚರಿಕೆ ಬರುತ್ತದೆ. ಹನ್ನೆರಡು ನಿಮಿಷ ಅಲ್ಲ, ಕೆಲವು ಸೆಕೆಂಡು. ಮೇಜಿನ ಕೆಳಗೆ ನುಸುಳಲು ಸಾಕು. ನನ್ನ ಕಥೆ ಆ ಸೆಕೆಂಡುಗಳನ್ನು ಎಳೆದು ಉದ್ದ ಮಾಡಿತು, ಅಷ್ಟೇ.

ಬಟ್ಲರನಿಂದ ಒಂದನ್ನು ನೇರವಾಗಿ ಕದ್ದೆ: ಎದುರುವಾದ. ಯಂತ್ರ ಬೇಕೇ ಬೇಕು ಎನ್ನುವ ಒಬ್ಬ ಮುದುಕ ನಡುವಿಗೆ ಬಂದ. ಹಿಂದಿನ ಕಂಪನದಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ಅವನ ಮಾತು ಬರೆಯುತ್ತ ಹೋದಂತೆ ನನಗೇ ಅವನು ಸರಿ ಅನ್ನಿಸತೊಡಗಿತು. ಆದ್ದರಿಂದ ಕೊನೆಯ ಪುಟ ಉಳಿಯಲಿಲ್ಲ. ಯಂತ್ರವನ್ನು ನದಿಗೆ ಎಸೆಯುತ್ತಾರೆ ನಿಜ. ಮುದುಕ ನೀರಿಗೆ ಇಳಿದು ಅದನ್ನು ಮನೆಗೆ ಹೊತ್ತೊಯ್ದು, ಅಡುಗೆಮನೆಯಲ್ಲಿ ತನ್ನೊಬ್ಬನಿಗಾಗಿ ಇಟ್ಟುಕೊಳ್ಳುತ್ತಾನೆ. ಮೊದಲ ಪುಟವನ್ನೂ ಕಿತ್ತು ಹಾಕಿದೆ. ಕಥೆ ಈಗ ಐದನೇ ಎಚ್ಚರಿಕೆಯ ದಿನ, ಒಲೆಯ ಮೇಲೆ ಹಾಲಿಟ್ಟು ನಿಂತ ಹೆಂಗಸಿನಿಂದ ಶುರುವಾಗುತ್ತದೆ. ಆಕೆ ಓಡುವುದಿಲ್ಲ. ಬೆಂಕಿ ಸಣ್ಣ ಮಾಡುತ್ತಾಳೆ.

ಅಕ್ಕನಿಗೆ ಇನ್ನೂ ಓದಿಲ್ಲ. ಸಂಪಾದಕರಿಗೆ ಕಳಿಸಿದ್ದೇನೆ, ಉದ್ದವಾಯಿತು, ನಡುವೆ ಸ್ವಲ್ಪ ಕತ್ತರಿಸಿ ಎಂದು ಉತ್ತರ ಬಂದಿದೆ.

ಬಟ್ಲರನ ಪತ್ರ ಓದಬೇಕೆನ್ನುವವರಿಗೆ: ‘ದಿ ಪ್ರೆಸ್’ನ ಹಳೆಯ ಸಂಚಿಕೆಗಳನ್ನು ನ್ಯೂಜಿಲೆಂಡಿನ ರಾಷ್ಟ್ರೀಯ ಗ್ರಂಥಾಲಯ ‘ಪೇಪರ್ಸ್ ಪಾಸ್ಟ್’ ಹೆಸರಿನಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ೧೮೬೩ರ ಜೂನ್ ೧೩ರ ಸಂಚಿಕೆ ತೆರೆಯಿರಿ. ಬಟ್ಲರ್ ಎಂದು ಹುಡುಕಿದರೆ ಸಿಗುವುದಿಲ್ಲ. ಸೆಲ್ಲಾರಿಯಸ್ ಎಂದು ಹುಡುಕಿ.